ದರ ಏರಿದೆ, ಕನೆಕ್ಷನ್ ಬಿಡಬೇಕು: ಯಾವುದು ಮೊದಲು, ಯಾವುದು ಆಮೇಲೆ?

ಈ ಸಲದ ಪ್ರಶ್ನೆಗಳು ಬೇರೆ ಬೇರೆ ಊರಿನವು, ಗಂಟು ಒಂದೇ. ಮೊಬೈಲ್ ಅಥವಾ ಬ್ರಾಡ್‌ಬ್ಯಾಂಡ್ ದರ ಏರಿದೆ, ಕಂಪನಿ ಬಿಡಬೇಕು, ಆದರೆ ನಂಬರ್ ಉಳಿಯಬೇಕು, ದಂಡ ಬೀಳಬಾರದು. ಪತ್ರಗಳನ್ನು ಓದಿದರೆ ಒಂದು ಮಾತು ಎದ್ದು ಕಾಣುತ್ತದೆ: ದರ ಏರಿಕೆಯಿಂದ ಹೋದ ದುಡ್ಡಿಗಿಂತ, ಬಿಡುವ ಕೆಲಸವನ್ನು ಹಿಂದುಮುಂದು ಮಾಡಿ ಕಳೆದುಕೊಂಡ ದುಡ್ಡೇ ಹೆಚ್ಚು.

ಪ್ರಶ್ನೆ: ಮನೆಯ ಮೂರು ಪೋಸ್ಟ್‌ಪೇಯ್ಡ್ ನಂಬರ್ ಮತ್ತು ಫೈಬರ್ ಬ್ರಾಡ್‌ಬ್ಯಾಂಡ್ ಎಲ್ಲಾ ಒಂದೇ ಬಿಲ್ಲಿನಲ್ಲಿವೆ. ಸೇರಿ ಎಂಟು ತಿಂಗಳಾಗಿದೆ. ಈಗ ಬಾಡಿಗೆ ಏರಿಸಿದ್ದಾರೆ. ಒಪ್ಪಂದ ಮುರಿದವರು ಅವರೇ ಅಲ್ಲವೇ? ದಂಡ ಕಟ್ಟದೆ ಹೊರಗೆ ಬರಬಹುದೇ? (ದಾವಣಗೆರೆ)

ಉತ್ತರ: ನ್ಯಾಯವಾಗಿ ನಿಮ್ಮ ಮಾತು ಸರಿ, ನಿಯಮದಲ್ಲಿ ಅರ್ಧ ಸರಿ.

ನಮ್ಮ ದೇಶದಲ್ಲಿ ಮೊಬೈಲ್ ಮತ್ತು ಬ್ರಾಡ್‌ಬ್ಯಾಂಡ್ ದರವನ್ನು ಬಹುತೇಕ ಕಂಪನಿಗಳೇ ಗೊತ್ತು ಮಾಡುತ್ತವೆ. ಟ್ರಾಯ್, ಅಂದರೆ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಇಷ್ಟೇ ವಸೂಲಿ ಮಾಡಿ ಎಂದು ಹೇಳುವುದಿಲ್ಲ. ಅದು ಗ್ರಾಹಕನಿಗೆ ಕೊಟ್ಟಿರುವ ರಕ್ಷಣೆ ಬೇರೆ ಬಗೆಯದು: ನೀವು ಒಂದು ಪ್ಲಾನಿಗೆ ಸೇರಿದ ದಿನದಿಂದ ಆರು ತಿಂಗಳು ಆ ಪ್ಲಾನಿನ ಯಾವ ದರವನ್ನೂ ಏರಿಸುವಂತಿಲ್ಲ. ಇಳಿಸಬಹುದು, ಏರಿಸಕೂಡದು. ಆ ಆರು ತಿಂಗಳೊಳಗೂ ನೀವು ಬೇರೆ ಪ್ಲಾನಿಗೆ ಹೋಗಲು ಸ್ವತಂತ್ರರು. ನಿಮ್ಮ ಒಪ್ಪಿಗೆಯಿಲ್ಲದೆ ಅವರೇ ನಿಮ್ಮನ್ನು ಬೇರೆ ಪ್ಲಾನಿಗೆ ದಾಟಿಸುವಂತಿಲ್ಲ.

ಲೆಕ್ಕ ಹಾಕುವಾಗ ಬಹಳ ಜನ ಎಡವುವುದು ಇಲ್ಲಿ. ಆರು ತಿಂಗಳ ಎಣಿಕೆ ಸಿಮ್ ಕೊಂಡ ದಿನದಿಂದ ಅಲ್ಲ, ಈಗಿರುವ ಪ್ಲಾನಿಗೆ ಸೇರಿದ ದಿನದಿಂದ. ನೀವು ಕಂಪನಿಗೆ ಸೇರಿ ಎಂಟು ತಿಂಗಳಾಗಿದ್ದರೂ, ನಡುವೆ ಮೂರು ತಿಂಗಳ ಹಿಂದೆ ಪ್ಲಾನ್ ಬದಲಿಸಿದ್ದರೆ ಇನ್ನೂ ಮೂರು ತಿಂಗಳು ನಿಮ್ಮ ದರಕ್ಕೆ ರಕ್ಷಣೆಯಿದೆ. ಹಳೆಯ ಬಿಲ್ಲುಗಳನ್ನು ತೆಗೆದು ಪ್ಲಾನಿನ ಹೆಸರು ಯಾವ ತಿಂಗಳು ಬದಲಾಯಿತು ನೋಡಿ. ಬದಲಾಗಿಲ್ಲ ಎಂದಾದರೆ ಎಂಟನೇ ತಿಂಗಳ ಏರಿಕೆಗೆ ಈ ನಿಯಮ ಅಡ್ಡ ಬರುವುದಿಲ್ಲ.

ಇನ್ನು ದಂಡದ ಮಾತು. ಮೊಬೈಲ್ ಪೋಸ್ಟ್‌ಪೇಯ್ಡಿನಲ್ಲಿ ಸಾಮಾನ್ಯವಾಗಿ ವಾಯಿದೆಯ ಕಟ್ಟು ಇರುವುದಿಲ್ಲ. ಬ್ರಾಡ್‌ಬ್ಯಾಂಡಿನಲ್ಲಿ ಇರುತ್ತದೆ: ‘ಇನ್‌ಸ್ಟಾಲೇಶನ್ ಉಚಿತ, ಆದರೆ ಇಷ್ಟು ತಿಂಗಳು ಬಿಡಬಾರದು’ ಎಂಬ ಷರತ್ತು. ದಂಡ ಕೇಳಿದರೆ ಮೊದಲು ಕೇಳಬೇಕಾದದ್ದು ನೀವು ಸಹಿ ಹಾಕಿದ ಅಥವಾ ಓಟಿಪಿ ಕೊಟ್ಟು ಒಪ್ಪಿದ ಅರ್ಜಿಯ ಪ್ರತಿ. ಆ ಅರ್ಜಿಯಲ್ಲಿ ವಾಯಿದೆ ಬರೆದಿಲ್ಲದಿದ್ದರೆ ದಂಡಕ್ಕೆ ಬುಡವಿಲ್ಲ. ಬರೆದಿದ್ದರೆ, ‘ವಾಯಿದೆಯ ನಡುವೆ ದರ ಏರಿಸಿದ್ದೀರಿ, ಹೊಸ ದರಕ್ಕೆ ನಾನು ಒಪ್ಪಿಲ್ಲ, ಆದ್ದರಿಂದ ದಂಡ ಮನ್ನಾ ಮಾಡಿ’ ಎಂದು ಇಮೇಲಿನಲ್ಲಿ ಬರೆಯಿರಿ. ಇದು ತಾನಾಗಿ ದಕ್ಕುವ ಹಕ್ಕಲ್ಲ, ವಾದ. ಆದರೆ ಗಟ್ಟಿ ವಾದ. ಬಾಯಲ್ಲಿ ಹೇಳಿದರೆ ಫೋನ್ ಇಟ್ಟ ಮೇಲೆ ಅದರ ಗುರುತೂ ಉಳಿಯುವುದಿಲ್ಲ.

ಪ್ರಶ್ನೆ: ನಮ್ಮದೂ ಇಂಥದ್ದೇ ಜೋಡಿ ಬಿಲ್ಲು. ಮೊಬೈಲ್ ಬೇರೆ ಕಂಪನಿಗೆ, ಬ್ರಾಡ್‌ಬ್ಯಾಂಡ್ ಇನ್ನೊಂದು ಕಂಪನಿಗೆ ಹೋಗಬೇಕು. ಮೊದಲು ಕಸ್ಟಮರ್ ಕೇರಿಗೆ ಫೋನ್ ಮಾಡಿ ಎಲ್ಲಾ ರದ್ದು ಮಾಡಿಸಿಬಿಡಲೇ? (ಮೈಸೂರು)

ಉತ್ತರ: ಬೇಡ. ‘ಎಲ್ಲಾ ರದ್ದು ಮಾಡಿ’ ಎಂದರೆ ಮೊಬೈಲ್ ನಂಬರೂ ರದ್ದಾಗುತ್ತದೆ. ರದ್ದಾದ ನಂಬರನ್ನು ಪೋರ್ಟ್ ಮಾಡಲಾಗದು, ಅಂದರೆ ಅದೇ ನಂಬರ್ ಇಟ್ಟುಕೊಂಡು ಬೇರೆ ಕಂಪನಿಗೆ ದಾಟಲಾಗದು. ಕೆಲವು ತಿಂಗಳಾದ ಮೇಲೆ ಅದೇ ನಂಬರ್ ಇನ್ನೊಬ್ಬರ ಕೈಗೆ ಹೋಗುತ್ತದೆ, ನಿಮ್ಮ ಬ್ಯಾಂಕಿನ ಓಟಿಪಿ ಅವರ ಫೋನಿಗೆ ಬರುತ್ತದೆ. ಮೊಬೈಲನ್ನು ರದ್ದು ಮಾಡಿಸಬಾರದು, ಪೋರ್ಟ್ ಮಾಡಿಸಬೇಕು. ಪೋರ್ಟ್ ಮುಗಿದ ಕ್ಷಣ ಹಳೆಯ ಕಂಪನಿಯ ಸಂಪರ್ಕ ತಾನಾಗಿ ಕೊನೆಯಾಗುತ್ತದೆ, ಬೇರೆ ಅರ್ಜಿ ಬೇಕಿಲ್ಲ. ಬ್ರಾಡ್‌ಬ್ಯಾಂಡಿಗೆ ಇದು ತಲೆಕೆಳಗು: ಅಲ್ಲಿ ಪೋರ್ಟ್ ಎಂಬುದೇ ಇಲ್ಲ, ರದ್ದತಿಗೆ ನೀವೇ ಅರ್ಜಿ ಕೊಡಬೇಕು.

ಹೀಗೆ ಮಾಡಿ. ಮೊದಲು ಮನೆಗೆ ಹೊಸ ಬ್ರಾಡ್‌ಬ್ಯಾಂಡ್ ಬಂದು, ಎರಡು ಮೂರು ದಿನ ಸರಿಯಾಗಿ ನಡೆದದ್ದು ನೋಡಿ. ನಿಮ್ಮ ಬೀದಿಗೆ ತಮ್ಮ ಫೈಬರ್ ಬಂದಿದೆ ಎಂದು ಮಾರುವವರು ಹೇಳುತ್ತಾರೆ, ಕಂಬದ ಡಬ್ಬಿಯಲ್ಲಿ ಖಾಲಿ ಜಾಗ ಇಲ್ಲ ಎಂಬುದು ಕೇಬಲ್ ಎಳೆಯುವ ಹುಡುಗರು ಬಂದ ಮೇಲೆ ಗೊತ್ತಾಗುತ್ತದೆ. ಆಮೇಲೆ ಈಗಿನ ಬಿಲ್ಲನ್ನು ಪೂರ್ತಿ ಕಟ್ಟಿ. ಜೋಡಿ ಬಿಲ್ಲಿನಲ್ಲಿ ಬ್ರಾಡ್‌ಬ್ಯಾಂಡಿನ ಬಾಕಿಯೂ ಅದೇ ಖಾತೆಯ ಬಾಕಿ. ನಿಮ್ಮ ಮೊಬೈಲ್ ಬಾಬ್ತು ಚುಕ್ತಾ ಆಗಿದ್ದರೂ ಪೋರ್ಟ್ ಮಾಡಲು ಬೇಕಾದ ಕೋಡ್ ಸಿಗದೆ ಹೋಗುವುದು ಇದಕ್ಕೇ. ಮೂರನೆಯದು ಪೋರ್ಟ್. ಆಡ್-ಆನ್ ನಂಬರುಗಳಿದ್ದರೆ (ಮುಖ್ಯ ನಂಬರಿನ ಪ್ಲಾನಿಗೇ ಸೇರಿಸಿದ ಮನೆಯವರ ನಂಬರುಗಳು) ಅವನ್ನು ಮೊದಲು, ಮುಖ್ಯ ನಂಬರನ್ನು ಕೊನೆಗೆ. ಪ್ರತಿ ನಂಬರಿಗೂ ಕೋಡ್ ಬೇರೆ. ಮುಖ್ಯ ನಂಬರ್ ಮೊದಲು ಹೋದರೆ ಉಳಿದವಕ್ಕೆ ಯಾವ ಪ್ಲಾನ್ ಅಂಟಿಕೊಳ್ಳುತ್ತದೆ ಎಂಬುದು ಕಂಪನಿಯ ಷರತ್ತಿನ ಮೇಲೆ, ಅದು ಸಾಮಾನ್ಯವಾಗಿ ದುಬಾರಿ ಕಡೆಗೇ ವಾಲುತ್ತದೆ. ಕೊನೆಗೆ ಬ್ರಾಡ್‌ಬ್ಯಾಂಡ್ ರದ್ದತಿ. ಇದನ್ನು ಪೋರ್ಟ್ ಆದ ವಾರದೊಳಗೇ ಮುಗಿಸಿ, ಏಕೆಂದರೆ ಜೋಡಿ ಒಡೆದ ಮೇಲೆ ಬ್ರಾಡ್‌ಬ್ಯಾಂಡಿಗೆ ಸಿಗುತ್ತಿದ್ದ ರಿಯಾಯಿತಿ ನಿಂತು ಪೂರ್ತಿ ಬಾಡಿಗೆ ಓಡಬಹುದು.

ಫೈಬರಿನ ಜೊತೆ ಕೊಟ್ಟ ಲ್ಯಾಂಡ್‌ಲೈನ್ ನಂಬರ್ ಇದ್ದರೆ ಅದು ಹೋದಂತೆಯೇ. ನಮ್ಮಲ್ಲಿ ಪೋರ್ಟ್ ಸೌಲಭ್ಯ ಮೊಬೈಲಿಗೆ ಮಾತ್ರ.

ಪ್ರಶ್ನೆ: ಪೋರ್ಟ್ ಮಾಡಲು 1900ಕ್ಕೆ ಎರಡು ಸಲ ಮೆಸೇಜ್ ಹಾಕಿದೆ. ಎರಡೂ ಸಲ ಆಗುವುದಿಲ್ಲ ಎಂದು ಉತ್ತರ ಬಂತು. ಬೇಕೆಂದೇ ತಡೆಯುತ್ತಿದ್ದಾರೆಯೇ? (ತುಮಕೂರು)

ಉತ್ತರ: ತಡೆಯುವ ಅವಕಾಶ ಅವರಿಗೆ ಮೊದಲಿನಷ್ಟು ಇಲ್ಲ. 2019ರ ಡಿಸೆಂಬರ್ 16ರಿಂದ ಪದ್ಧತಿ ಬದಲಾಗಿದೆ. ಅರ್ಹತೆಯನ್ನು ಮೊದಲೇ ತಪಾಸಣೆ ಮಾಡಿ, ಎಲ್ಲಾ ಸರಿಯಿದ್ದರೆ ಮಾತ್ರ ಕೋಡ್ ಹುಟ್ಟುತ್ತದೆ. ಹಾಗಾಗಿ ಕೋಡ್ ಬಂದಿಲ್ಲ ಎಂದರೆ ಉತ್ತರದ ಮೆಸೇಜಿನಲ್ಲೇ ಕಾರಣ ಇರುತ್ತದೆ. ಅದನ್ನು ಅಳಿಸದೆ ಓದಿ. ಸಾಮಾನ್ಯ ಕಾರಣಗಳು ಇವು: ಈಗಿನ ಕಂಪನಿಗೆ ಬಂದು 90 ದಿನ ಆಗಿಲ್ಲ, ಪೋಸ್ಟ್‌ಪೇಯ್ಡ್ ಬಿಲ್ಲಿನ ಗಡುವು ದಾಟಿದ ಬಾಕಿ ಇದೆ, ನಂಬರಿನ ಮಾಲೀಕತ್ವ ಬದಲಿಸುವ ಅರ್ಜಿ ನಡೆಯುತ್ತಿದೆ, ಒಪ್ಪಂದದಲ್ಲಿ ಒಪ್ಪಿದ ಬಿಡುಗಡೆಯ ಷರತ್ತು ಪೂರೈಸಿಲ್ಲ, ನಂಬರ್ ಕೋರ್ಟು ವ್ಯಾಜ್ಯದಲ್ಲಿದೆ. 2024ರ ಜುಲೈ 1ರಿಂದ ಇನ್ನೊಂದು ಸೇರಿದೆ: ಸಿಮ್ ಕಳೆದೋ ಕೆಟ್ಟೋ ಹೊಸ ಸಿಮ್ ತೆಗೆದುಕೊಂಡಿದ್ದರೆ ಏಳು ದಿನ ಕೋಡ್ ಕೊಡುವುದಿಲ್ಲ. ಇದು ನಿಮ್ಮ ನಂಬರನ್ನು ಕದ್ದು ಪೋರ್ಟ್ ಮಾಡುವ ಕಳ್ಳರಿಗೆ ಹಾಕಿದ ಬೇಲಿ. ಏಳು ದಿನ ಕಾದು ಮತ್ತೆ ಮೆಸೇಜ್ ಹಾಕಿ, ಬರುತ್ತದೆ.

ಪೋಸ್ಟ್‌ಪೇಯ್ಡಿನವರು ಬಿಲ್ಲು ಕಟ್ಟಿದ ತಕ್ಷಣ ಮೆಸೇಜ್ ಹಾಕಿದರೂ ಬಾಕಿ ಎಂದೇ ಬರುವುದುಂಟು. ಕಟ್ಟಿದ ದುಡ್ಡು ಖಾತೆಗೆ ಏರಲು ಸಮಯ ಹಿಡಿಯುತ್ತದೆ. ಆ್ಯಪಿನಲ್ಲಿ ಬಾಕಿ ಸೊನ್ನೆ ತೋರಿಸಿದ ಮೇಲೆ ಹಾಕಿ.

ವಿಧಾನ ಹೀಗೆ: ಇಂಗ್ಲಿಷ್ ಅಕ್ಷರದಲ್ಲಿ ‘ಪೋರ್ಟ್’ ಎಂದು ಬರೆದು, ಒಂದು ಜಾಗ ಬಿಟ್ಟು ಹತ್ತು ಅಂಕಿಯ ನಂಬರ್, 1900ಕ್ಕೆ. ಮೆಸೇಜ್ ಹೋಗಬೇಕಾದದ್ದು ಅದೇ ನಂಬರಿನಿಂದ. ಎರಡು ಸಿಮ್ಮಿನ ಫೋನಿನಲ್ಲಿ ಇನ್ನೊಂದು ಸಿಮ್ಮಿನಿಂದ ಹೋಗಿಬಿಟ್ಟಿರುತ್ತದೆ, ನೋಡಿಕೊಳ್ಳಿ. ಪ್ರಿಪೇಯ್ಡಿನಲ್ಲಿ ಎಸ್ಸೆಮ್ಮೆಸ್ ಇಲ್ಲದ ಅಗ್ಗದ ಪ್ಯಾಕ್ ಇದ್ದರೂ ಈ ಒಂದು ಮೆಸೇಜಿಗೆ ದಾರಿ ಬಿಡಲೇಬೇಕು ಎಂದು ಟ್ರಾಯ್ 2021ರ ಡಿಸೆಂಬರಿನಲ್ಲಿ ಆದೇಶಿಸಿದೆ. ಮರುಮೆಸೇಜಿನಲ್ಲಿ ಎಂಟು ಅಕ್ಷರ-ಅಂಕಿಗಳ ಯುಪಿಸಿ ಕೋಡ್ ಬರುತ್ತದೆ. ಕರ್ನಾಟಕದಲ್ಲಿ ಅದರ ಆಯುಷ್ಯ ನಾಲ್ಕು ದಿನ. ಹೀಗಾಗಿ ಶನಿವಾರ ಕೋಡ್ ತೆಗೆದು ಮುಂದಿನ ವಾರ ಅಂಗಡಿಗೆ ಹೋಗುವ ಲೆಕ್ಕ ಹಿಡಿಯಬೇಡಿ.

ಹೊಸ ಕಂಪನಿಯ ಅಂಗಡಿಯಲ್ಲಿ ಕೋಡ್ ಮತ್ತು ಆಧಾರ್ ಕೊಟ್ಟು ಹೊಸ ಸಿಮ್ ತೆಗೆದುಕೊಳ್ಳಿ. ಕರ್ನಾಟಕದ ನಂಬರ್ ಕರ್ನಾಟಕದಲ್ಲೇ ಪೋರ್ಟ್ ಆಗಲು ಮೂರು ಕೆಲಸದ ದಿನ, ಬೇರೆ ವಲಯಕ್ಕಾದರೆ ಅಥವಾ ಕಂಪನಿ ಹೆಸರಿನ ನಂಬರಾದರೆ ಐದು. ಮನಸ್ಸು ಬದಲಾದರೆ ಅರ್ಜಿ ಕೊಟ್ಟ 24 ಗಂಟೆಯೊಳಗೆ ‘ಕ್ಯಾನ್ಸಲ್’ ಎಂದು ನಂಬರ್ ಸೇರಿಸಿ 1900ಕ್ಕೆ ಕಳಿಸಿದರೆ ನಿಲ್ಲುತ್ತದೆ. ಆ ಮೇಲೆ ಹಿಂದಿರುಗಬೇಕಾದರೆ ಮತ್ತೆ 90 ದಿನ ಕಾಯಬೇಕು.

ಪ್ರಿಪೇಯ್ಡಿನಲ್ಲಿ ಉಳಿದ ಬ್ಯಾಲೆನ್ಸ್, ಡೇಟಾ, ವ್ಯಾಲಿಡಿಟಿ ಯಾವುದೂ ಜೊತೆಗೆ ಬರುವುದಿಲ್ಲ. ಪ್ಯಾಕ್ ಮುಗಿಯಲು ನಾಲ್ಕೈದು ದಿನ ಇರುವಾಗ ಪೋರ್ಟ್ ಶುರು ಮಾಡುವುದು ಜಾಣತನ. ಹಳೆಯ ಸಿಮ್ ಸತ್ತು ಹೊಸದು ಎಚ್ಚರಗೊಳ್ಳುವ ನಡುವೆ ಕೆಲವು ಗಂಟೆ ಸಿಗ್ನಲ್ ಇರದು, ಹೆಚ್ಚಾಗಿ ರಾತ್ರಿ ಹೊತ್ತು. ಅದಾದ ಮೇಲೆ ಯುಪಿಐ ಆ್ಯಪ್ ಹೊಸ ಸಿಮ್ ಕಂಡು ಮತ್ತೆ ನೋಂದಣಿ ಕೇಳಬಹುದು. ಅದು ನಿಮ್ಮ ಫೋನಿನಿಂದ ಒಂದು ಎಸ್ಸೆಮ್ಮೆಸ್ ಹೊರಗೆ ಕಳಿಸುತ್ತದೆ. ಹೊಸ ಪ್ಯಾಕಿನಲ್ಲಿ ಎಸ್ಸೆಮ್ಮೆಸ್ ಇಲ್ಲದಿದ್ದರೆ ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತೀರಿ.

ಪ್ರಶ್ನೆ: ಬ್ರಾಡ್‌ಬ್ಯಾಂಡ್ ಬೇಡವೆಂದು ಆಟೋಪೇ ನಿಲ್ಲಿಸಿ, ರೌಟರ್ ಸ್ವಿಚ್ ತೆಗೆದಿಟ್ಟೆ. ಐದು ತಿಂಗಳ ಮೇಲೆ ಬಾಕಿ ವಸೂಲಿಯವರು ಫೋನ್ ಮಾಡುತ್ತಿದ್ದಾರೆ, ವಕೀಲರ ನೋಟಿಸ್ ಎಂದು ಮೆಸೇಜ್ ಬಂದಿದೆ. ಬಳಸದ್ದಕ್ಕೂ ದುಡ್ಡು ಕಟ್ಟಬೇಕೇ? (ಹುಬ್ಬಳ್ಳಿ)

ಉತ್ತರ: ದುಡ್ಡು ಕಟ್ಟುವುದನ್ನು ನಿಲ್ಲಿಸಿದರೆ ಸಂಪರ್ಕ ರದ್ದಾದಂತೆ ಅಲ್ಲ. ಆಟೋಪೇ ಎಂಬುದು ನಿಮ್ಮ ಮತ್ತು ಬ್ಯಾಂಕಿನ ನಡುವಿನ ಅಪ್ಪಣೆ. ಕಂಪನಿ ಜೊತೆಗಿನ ಒಪ್ಪಂದ ಅದರ ಪಾಡಿಗೆ ಅದು ನಡೆಯುತ್ತಿರುತ್ತದೆ. ಪ್ರಿಪೇಯ್ಡ್ ಬ್ರಾಡ್‌ಬ್ಯಾಂಡ್ ಆಗಿದ್ದರೆ ವ್ಯಾಲಿಡಿಟಿ ಮುಗಿದ ದಿನ ಲೈನ್ ನಿಲ್ಲುತ್ತದೆ, ಬಾಕಿ ಬೆಳೆಯುವುದಿಲ್ಲ. ನಿಮ್ಮದು ಪೋಸ್ಟ್‌ಪೇಯ್ಡ್ ಇರಬೇಕು.

ಆದರೂ ಐದು ತಿಂಗಳ ಪೂರ್ತಿ ಬಾಡಿಗೆಗೆ ತಲೆಬಾಗಬೇಡಿ. ಬಿಲ್ಲು ಕಟ್ಟದಿದ್ದಾಗ ಕಂಪನಿ ಯಾವ ದಿನ ಲೈನ್ ಕಡಿಯಿತು ಎಂದು ಕೇಳಿ. ಸೇವೆ ನಿಲ್ಲಿಸಿದ ಮೇಲಿನ ದಿನಗಳ ಬಾಡಿಗೆಯನ್ನು ತೆಗೆಯಿರಿ ಎಂದು ಬರಹದಲ್ಲಿ ಕೇಳಿ, ಅದಕ್ಕೆ ಹಿಂದಿನದನ್ನು ಕಟ್ಟಿ, ರಸೀದಿಯ ಜೊತೆ ‘ಬಾಕಿ ಇಲ್ಲ’ ಎಂಬ ಪತ್ರ ತರಿಸಿಕೊಳ್ಳಿ. ವಸೂಲಿಯವನು ಹೇಳಿದ ಯುಪಿಐ ಐಡಿಗೆ ದುಡ್ಡು ಹಾಕಬೇಡಿ. ಕಂಪನಿಯ ಆ್ಯಪು, ವೆಬ್‌ಸೈಟು ಅಥವಾ ಅಂಗಡಿಯಲ್ಲೇ ಕಟ್ಟಿ. ಬಾಕಿಯನ್ನು ಹಾಗೇ ಬಿಡುವುದು ಒಳ್ಳೆಯದಲ್ಲ. ಸಾಲ ಕೊಡುವ ಮೊದಲು ಬ್ಯಾಂಕುಗಳು ನೋಡುವ ಸಿಬಿಲ್ ವರದಿಯಲ್ಲಿ ಮೊಬೈಲ್, ಬ್ರಾಡ್‌ಬ್ಯಾಂಡ್ ಖಾತೆಗಳಿಗೂ ಜಾಗವಿದೆ. ಐನೂರು ರೂಪಾಯಿ ಬಾಕಿ ಮನೆಸಾಲದ ಹೊತ್ತಿಗೆ ಎದುರು ಬಂದು ನಿಂತರೆ ಕಷ್ಟ.

ಮುಂದೆ ಇಂಥ ಸಂದರ್ಭ ಬಂದರೆ ಆಟೋಪೇಯನ್ನು ಕೊನೆಗೆ ನಿಲ್ಲಿಸಿ. ರದ್ದತಿ ಅರ್ಜಿ ಕೊಟ್ಟು, ಕೊನೆಯ ಬಿಲ್ಲು ನೋಡಿ, ಒಪ್ಪಿಗೆಯಾದರೆ ಕೈಯಾರೆ ಕಟ್ಟಿ, ಆಮೇಲೆ ಯುಪಿಐ ಆ್ಯಪಿನ ಆಟೋಪೇ ಪಟ್ಟಿಯಲ್ಲಿ ಆ ಅಪ್ಪಣೆಯನ್ನು (ಮ್ಯಾಂಡೇಟ್) ರದ್ದು ಮಾಡಿ. ರಿಸರ್ವ್ ಬ್ಯಾಂಕ್ ನಿಯಮದಂತೆ ಹಣ ಕಡಿತಕ್ಕೆ 24 ಗಂಟೆ ಮೊದಲು ಮುನ್ಸೂಚನೆ ಬರಬೇಕು, ಹಾಗಾಗಿ ತಪ್ಪು ಬಿಲ್ಲು ಕಂಡರೆ ನಿಲ್ಲಿಸಲು ಒಂದು ದಿನ ಸಿಗುತ್ತದೆ.

ಪ್ರಶ್ನೆ: ರದ್ದತಿ ಅರ್ಜಿ ಕೊಟ್ಟಿದ್ದೇವೆ. ಠೇವಣಿ ಮತ್ತು ವರ್ಷದ ಮುಂಗಡದಲ್ಲಿ ಉಳಿದ ಹಣ ಯಾವಾಗ ಬರುತ್ತದೆ? ರೌಟರ್ ಯಾರು ಒಯ್ಯಬೇಕು? (ಉಡುಪಿ)

ಉತ್ತರ: ಅರ್ಜಿ ಕೊಟ್ಟದ್ದಕ್ಕೆ ಸಂಖ್ಯೆ ಬಂದಿದೆಯೇ? ಅದಿಲ್ಲದಿದ್ದರೆ ಅರ್ಜಿ ಕೊಟ್ಟಂತೆಯೇ ಅಲ್ಲ. ಅಂಗಡಿಯ ಹುಡುಗನಿಗೆ ಅಥವಾ ಕೇಬಲ್ ಎಳೆಯಲು ಬರುವವನಿಗೆ ಬಾಯಲ್ಲಿ ಹೇಳಿ ತಿಂಗಳುಗಟ್ಟಲೆ ಕಾಯುವವರು ಬಹಳ. ಆ್ಯಪಿನಲ್ಲಿ, ಕಂಪನಿಯ ದೂರು ಸಂಖ್ಯೆ 198ಕ್ಕೆ ಫೋನ್ ಮಾಡಿ, ಅಥವಾ ನೋಂದಾಯಿಸಿದ ಇಮೇಲಿನಿಂದ ಕೇಳಿ, ಸೇವಾ ಕೋರಿಕೆಯ ಸಂಖ್ಯೆ ಮತ್ತು ತಾರೀಕು ಬರೆದಿಟ್ಟುಕೊಳ್ಳಿ. ರದ್ದತಿ ಏಳು ಕೆಲಸದ ದಿನದಲ್ಲಿ ಆಗಬೇಕು. ಆ ದಿನಗಳಲ್ಲಿ ನಿಮಗೆ ‘ಅರ್ಧ ದರಕ್ಕೆ ಕೊಡುತ್ತೇವೆ, ಇರಿ’ ಎಂಬ ಕರೆ ಬರುವ ಸಂಭವ ಹೆಚ್ಚು. ಕೇಳಲಡ್ಡಿಯಿಲ್ಲ, ಕೆಲವೊಮ್ಮೆ ಒಳ್ಳೆಯ ದರವೇ ಸಿಗುತ್ತದೆ. ಆದರೆ ಓಟಿಪಿ ಕೊಟ್ಟರೆ ರದ್ದತಿ ಅರ್ಜಿ ಮುಚ್ಚಿಹೋಗುತ್ತದೆ, ಹೊಸ ವಾಯಿದೆ ಶುರುವಾಗಿರುತ್ತದೆ. ಎಷ್ಟು ತಿಂಗಳ ಮಟ್ಟಿಗೆ ಈ ದರ, ಆಮೇಲೆ ಎಷ್ಟು ಎಂದು ಮೆಸೇಜಿನಲ್ಲಿ ಕಳಿಸಿ ಎನ್ನಿ.

ಠೇವಣಿಯನ್ನು ರದ್ದತಿಯಾದ 45 ದಿನದೊಳಗೆ ವಾಪಸು ಕೊಡಬೇಕು, ಮೀರಿದರೆ ವರ್ಷಕ್ಕೆ ಶೇ 10ರಂತೆ ಬಡ್ಡಿ ಸೇರಿಸಬೇಕು. ಕಂಪನಿಗಳು ಇದನ್ನು ತಾವಾಗಿ ನೆನಪಿಸಿಕೊಳ್ಳುವುದು ಅಪರೂಪ, ನೀವೇ ನೆನಪಿಸಿ. ವಾಪಸು ಬರುವುದು ಠೇವಣಿ ಮಾತ್ರ. ಮೊದಲ ಬಿಲ್ಲು ತೆಗೆದು ನೋಡಿ: ‘ಇನ್‌ಸ್ಟಾಲೇಶನ್’, ‘ಆ್ಯಕ್ಟಿವೇಶನ್’ ಎಂದು ಬರೆದಿದ್ದರೆ ಅದು ಹೋದ ದುಡ್ಡು. ‘ಸೆಕ್ಯುರಿಟಿ ಡಿಪಾಸಿಟ್’ ಅಥವಾ ‘ರೀಫಂಡೆಬಲ್’ ಎಂದಿದ್ದರೆ ನಿಮ್ಮದು. ಬ್ಯಾಂಕ್ ಖಾತೆಯ ವಿವರ ಕೊಡದಿದ್ದರೆ ಮರುಪಾವತಿ ಅಲ್ಲೇ ತೂಗಾಡುತ್ತದೆ, ರದ್ದತಿ ಅರ್ಜಿಯಲ್ಲೇ ಬರೆದುಬಿಡಿ.

ವರ್ಷದ ಮುಂಗಡದ ಲೆಕ್ಕ ಎರಡು ಬಗೆಯಲ್ಲಿ ಹಾಕಬಹುದು, ಜಗಳ ಹುಟ್ಟುವುದೂ ಅಲ್ಲೇ. ತಿಂಗಳಿಗೆ 1,000 ರೂಪಾಯಿಯ ಪ್ಲಾನನ್ನು ವರ್ಷಕ್ಕೆ 9,000ಕ್ಕೆ ಕೊಟ್ಟಿದ್ದಾರೆ, ನೀವು ಏಳು ತಿಂಗಳಿಗೆ ಬಿಟ್ಟಿರಿ ಎನ್ನಿ. ನಿಮ್ಮ ಲೆಕ್ಕದಲ್ಲಿ ತಿಂಗಳಿಗೆ 750, ಏಳು ತಿಂಗಳಿಗೆ 5,250, ಉಳಿದದ್ದು 3,750. ಕಂಪನಿಯ ಲೆಕ್ಕದಲ್ಲಿ ರಿಯಾಯಿತಿ ಪೂರ್ತಿ ವರ್ಷ ಇದ್ದವರಿಗೆ ಮಾತ್ರ. ಏಳು ತಿಂಗಳಿಗೆ ಸಾವಿರದಂತೆ 7,000 ಹಿಡಿದು 2,000 ಕೊಡುತ್ತಾರೆ. ಕೆಲವು ಪ್ಲಾನುಗಳಲ್ಲಿ ಮುಂಗಡ ವಾಪಸೇ ಇಲ್ಲ ಎಂಬ ಷರತ್ತೂ ಇರುತ್ತದೆ. ಯಾವುದು ನಡೆಯುತ್ತದೆ ಎಂಬುದು ಹಣ ಕಟ್ಟುವಾಗ ಒಪ್ಪಿದ ಷರತ್ತಿನಲ್ಲಿದೆ. ಹಾಗೆಂದೇ, ದರ ಏರಿತೆಂಬ ಸಿಟ್ಟಿಗೆ ವರ್ಷದ ಪ್ಲಾನನ್ನು ನಡುವೆ ಬಿಡುವ ಮೊದಲು ಒಂದು ವಿಷಯ ತಿಳಿದಿರಿ: ಮುಂಗಡ ಕಟ್ಟಿಸಿಕೊಂಡು ಆರು ತಿಂಗಳಿಗಿಂತ ಹೆಚ್ಚಿನ ಅವಧಿಗೆ ಮಾರಿದ ಪ್ಲಾನ್ ಆ ಅವಧಿ ಪೂರ್ತಿ ಅದೇ ದರದಲ್ಲಿ ನಡೆಯಬೇಕು. ನಡುವೆ ಹೆಚ್ಚುವರಿ ಕೇಳುವಂತಿಲ್ಲ. ಉಳಿದ ತಿಂಗಳು ಬಳಸಿ, ಮುಗಿದಾಗ ಬಿಡುವುದೇ ಎಷ್ಟೋ ಸಲ ಲಾಭ.

ರೌಟರ್ ಕಂಪನಿಯದಾಗಿದ್ದರೆ ಅವರೇ ಬಂದು ಒಯ್ಯಬಹುದು, ಅಥವಾ ಅಂಗಡಿಗೆ ಮುಟ್ಟಿಸಲು ಹೇಳಬಹುದು. ಫೈಬರ್ ಡಬ್ಬಿ, ಅದರ ಅಡಾಪ್ಟರ್, ಕೊಟ್ಟಿದ್ದರೆ ಲ್ಯಾಂಡ್‌ಲೈನ್ ಫೋನು, ಸೆಟ್‌ಟಾಪ್ ಬಾಕ್ಸ್ ಮತ್ತು ರಿಮೋಟು, ಇಷ್ಟೂ ಕೊಡಿ. ಅಡಾಪ್ಟರ್ ಇಲ್ಲವೆಂದು ಪೂರ್ತಿ ಉಪಕರಣದ ಬೆಲೆ ಹಿಡಿದ ಬಿಲ್ಲುಗಳಿವೆ. ಕೊಡುವ ಮೊದಲು ಡಬ್ಬಿಯ ಹಿಂಬದಿಯ ಸೀರಿಯಲ್ ನಂಬರ್ ಕಾಣುವಂತೆ ಫೋಟೋ ತೆಗೆದು, ಅದೇ ನಂಬರ್ ಬರೆದ ರಸೀದಿ ಪಡೆಯಿರಿ. ಬರಿಗೈಯಲ್ಲಿ ಬಂದವನಿಗೆ ರಸೀದಿಯಿಲ್ಲದೆ ಕೊಡಬೇಡಿ.

ಪ್ರಶ್ನೆ: ಸಿಮ್ ತೀರಿಕೊಂಡ ನಮ್ಮ ಯಜಮಾನರ ಹೆಸರಿನಲ್ಲಿದೆ. ನಾನು ಬಳಸುವುದು ಒಳಬರುವ ಕರೆಗೆ, ಬ್ಯಾಂಕಿನ ಮೆಸೇಜಿಗೆ. ಇಂಟರ್‌ನೆಟ್ ಬೇಡವೇ ಬೇಡ. ದರ ಏರಿದ ಮೇಲೆ ಇದಕ್ಕಿಷ್ಟು ಸುರಿಯಲು ಮನಸ್ಸಿಲ್ಲ. (ಸಾಗರ)

ಉತ್ತರ: ಅಮ್ಮಾ, ಮೊದಲು ಹೆಸರು ಬದಲಿಸಿಕೊಳ್ಳಿ. ಪೋರ್ಟ್ ಮಾಡುವಾಗ ಆಧಾರ್ ಪರಿಶೀಲನೆ ಸಿಮ್ ಯಾರ ಹೆಸರಿನಲ್ಲಿದೆಯೋ ಅವರದ್ದೇ ಆಗಬೇಕು, ಅದು ಈಗ ಸಾಧ್ಯವಿಲ್ಲ. ಮರಣ ಪ್ರಮಾಣಪತ್ರ, ನಿಮ್ಮ ಆಧಾರ್, ನಿಮ್ಮಿಬ್ಬರ ಸಂಬಂಧ ತೋರಿಸುವ ಒಂದು ದಾಖಲೆ ಹಿಡಿದು ಈಗಿನ ಕಂಪನಿಯ ಸ್ವಂತ ಅಂಗಡಿಗೆ ಹೋಗಿ. ರೀಚಾರ್ಜ್ ಮಾಡುವ ಕಿರಾಣಿ ಅಂಗಡಿಯಲ್ಲಿ ಈ ಕೆಲಸ ಆಗದು. ಅದು ಮುಗಿಯುವ ತನಕ ಪೋರ್ಟ್ ಕೋಡ್ ಬರುವುದಿಲ್ಲ.

ಖರ್ಚು ಇಳಿಸಲು ಕಂಪನಿ ಬಿಡಲೇಬೇಕೆಂದೇನಿಲ್ಲ. ಡೇಟಾ ಇಲ್ಲದ, ಕರೆ ಮತ್ತು ಎಸ್ಸೆಮ್ಮೆಸ್ ಮಾತ್ರ ಇರುವ ಪ್ಯಾಕನ್ನು ಎಲ್ಲಾ ಕಂಪನಿಗಳೂ ಕೊಡಬೇಕು ಎಂದು ಟ್ರಾಯ್ 2024ರ ಡಿಸೆಂಬರಿನಲ್ಲಿ ನಿಯಮ ತಂದಿದೆ. ಅಂಥ ಪ್ಯಾಕುಗಳ ಅವಧಿ ಒಂದು ವರ್ಷದವರೆಗೂ ಇರಬಹುದು. ಆ್ಯಪಿನ ಮೊದಲ ಪುಟದಲ್ಲಿ ಅವು ಕಾಣಿಸಿಕೊಳ್ಳುವುದಿಲ್ಲ, ಕೆಳಗೆ ಹುಡುಕಬೇಕು. ಅಂಗಡಿಯವನಿಗೆ ‘ವಾಯ್ಸ್ ಓನ್ಲಿ ಪ್ಯಾಕ್’ ಎನ್ನಿ.

ಇದಕ್ಕಿಂತಲೂ ಕಡಿಮೆಗೆ ನಂಬರ್ ಜೀವಂತ ಇಡುವ ದಾರಿಯೊಂದಿದೆ. ಕರೆ, ಮೆಸೇಜ್, ಡೇಟಾ ಯಾವುದನ್ನೂ 90 ದಿನ ಬಳಸದಿದ್ದರೆ ಮಾತ್ರ ಪ್ರಿಪೇಯ್ಡ್ ನಂಬರನ್ನು ನಿಷ್ಕ್ರಿಯ ಮಾಡಬಹುದು. ಆಗಲೂ ಖಾತೆಯಲ್ಲಿ 20 ರೂಪಾಯಿ ಬ್ಯಾಲೆನ್ಸ್ ಇದ್ದರೆ ಅದನ್ನು ಕಡಿದು ಇನ್ನೂ 30 ದಿನ ಉಳಿಸಬೇಕು. ನಿಷ್ಕ್ರಿಯವಾದ ಮೇಲೂ 15 ದಿನದೊಳಗೆ ಕೇಳಿದರೆ ಅದೇ ನಂಬರ್ ಮರಳಿ ಸಿಗುತ್ತದೆ. ಆದರೆ ಇದು ನಂಬರ್ ಉಳಿಸುವ ನಿಯಮವೇ ಹೊರತು ಒಳಕರೆ ಉಳಿಸುವ ನಿಯಮವಲ್ಲ. ಪ್ಯಾಕ್ ಮುಗಿದ ಕೆಲವು ದಿನಕ್ಕೆ ಒಳಕರೆಯೂ ನಿಲ್ಲಬಹುದು. ಬ್ಯಾಂಕಿನ ಮೆಸೇಜ್ ಬೇಕಾದ ನಿಮಗೆ ಕರೆ ಪ್ಯಾಕೇ ಸರಿ.

ಅಗ್ಗವೆಂದು ಬಿಎಸ್ಸೆನ್ನೆಲ್‌ಗೆ ಹೋಗುವ ಯೋಚನೆ ನಿಮ್ಮ ಕಡೆಯ ಅನೇಕರಿಗಿದೆ. 2024ರ ಜುಲೈ 3 ಮತ್ತು 4ರಂದು ಖಾಸಗಿ ಕಂಪನಿಗಳು ಒಟ್ಟಿಗೆ ದರ ಏರಿಸಿದಾಗ, 28 ದಿನದ ಕನಿಷ್ಠ ಪ್ಯಾಕ್ ಏರ್‌ಟೆಲ್ ಮತ್ತು ವಿಐಯಲ್ಲಿ 179ರಿಂದ 199ಕ್ಕೆ, ಜಿಯೋದಲ್ಲಿ 155ರಿಂದ 189ಕ್ಕೆ ಹೋಯಿತು. ಬಿಎಸ್ಸೆನ್ನೆಲ್ ಆಗ ಏರಿಸಲಿಲ್ಲ. ಮಲೆನಾಡಿನಲ್ಲಿ ದರಕ್ಕಿಂತ ಮೊದಲು ನೋಡಬೇಕಾದದ್ದು ಗುಡ್ಡದ ಈ ಮಗ್ಗುಲಿಗೆ ಯಾರ ಟವರ್ ಮುಟ್ಟುತ್ತದೆ ಎಂಬುದು. ಪಕ್ಕದ ಮನೆಯವರ ಆ ಕಂಪನಿ ಸಿಮ್ಮನ್ನು ಒಂದು ದಿನ ನಿಮ್ಮ ಅಡುಗೆಮನೆಯಲ್ಲಿಟ್ಟು ನೋಡಿ, ಕರೆಂಟು ಹೋದಾಗಲೂ ನೋಡಿ. ಪೋರ್ಟ್ ಆದ ಮೇಲೆ 90 ದಿನ ಬೇರೆಲ್ಲಿಗೂ ಹೋಗುವಂತಿಲ್ಲ.

ಪ್ರಶ್ನೆ: ಕೆಲಸದ ಮೇಲೆ ಇಂಗ್ಲೆಂಡಿಗೆ ಬಂದು ಎರಡು ವರ್ಷದ ಕರಾರಿಗೆ ಫೋನ್, ಬ್ರಾಡ್‌ಬ್ಯಾಂಡ್ ತೆಗೆದುಕೊಂಡೆ. ಏಪ್ರಿಲಿನಲ್ಲಿ ಎರಡೂ ಏರಿದವು. ಊರಿನಲ್ಲಿ ಬಿಡುವ ಹಾಗೆ ಇಲ್ಲಿ ಬಿಡಬಹುದೇ? (ರೆಡಿಂಗ್)

ಉತ್ತರ: ಅಲ್ಲಿ ಕರಾರಿನ ಹಿಡಿತ ಬಿಗಿ, ನಿಯಮವೂ ಸ್ಪಷ್ಟ. ಕರಾರಿಗೆ ಸೇರಿದ ತಾರೀಕು ನೋಡಿ. 2025ರ ಜನವರಿ 17ರಿಂದ ಈಚೆಗೆ ಸೇರಿದ್ದರೆ, ನಡುವಿನ ಏರಿಕೆ ಎಷ್ಟು, ಯಾವಾಗ ಎಂದು ಪೌಂಡ್ ಮತ್ತು ಪೆನ್ಸಿನ ಲೆಕ್ಕದಲ್ಲಿ ಸೇರುವ ಮೊದಲೇ ಹೇಳಿರಬೇಕು. ಹಣದುಬ್ಬರಕ್ಕೆ ಕಟ್ಟಿದ ಏರಿಕೆಯನ್ನು ಅಲ್ಲಿನ ನಿಯಂತ್ರಕ ಆಫ್‌ಕಾಮ್ ಹೊಸ ಕರಾರುಗಳಲ್ಲಿ ನಿಷೇಧಿಸಿದೆ. ಹೇಳಿದಷ್ಟೇ ಏರಿಸಿದ್ದರೆ ದಂಡವಿಲ್ಲದೆ ಬಿಡುವ ಹಕ್ಕಿಲ್ಲ. ಕರಾರಿನಲ್ಲಿ ಇಲ್ಲದ ಏರಿಕೆಯಾದರೆ ಒಂದು ತಿಂಗಳ ಮುನ್ಸೂಚನೆ ಕೊಡಬೇಕು, ಆ ಅವಧಿಯಲ್ಲಿ ದಂಡವಿಲ್ಲದೆ ಹೊರಬರಬಹುದು. ಫೋನಿನ ಕಂತು ಬೇರೆ ಕರಾರಾಗಿದ್ದರೆ ಅದನ್ನು ತೀರಿಸಬೇಕು.

ಮೊಬೈಲ್ ನಂಬರ್ ಉಳಿಸಿಕೊಂಡು ಹೋಗಲು ಇಂಗ್ಲಿಷಿನಲ್ಲಿ ‘ಪಿಎಸಿ’ ಎಂದು 65075ಕ್ಕೆ ಮೆಸೇಜ್ ಹಾಕಿ, ಉಚಿತ. ಬರುವ ಉತ್ತರದಲ್ಲಿ ಕೋಡ್ ಜೊತೆಗೆ ಕರಾರು ಮುರಿದರೆ ಕಟ್ಟಬೇಕಾದ ಮೊತ್ತವೂ ಇರುತ್ತದೆ. ಬರೀ ಮೊತ್ತ ತಿಳಿಯಬೇಕಾದರೆ ‘ಇನ್ಫೋ’ ಎಂದು 85075ಕ್ಕೆ. ಕೋಡ್ 30 ದಿನ ಬಾಳುತ್ತದೆ. ಹೊಸ ಕಂಪನಿಗೆ ಕೊಟ್ಟ ಮರುದಿನ, ಅದು ಕೆಲಸದ ದಿನವಾದರೆ, ನಂಬರ್ ದಾಟುತ್ತದೆ. ಬ್ರಾಡ್‌ಬ್ಯಾಂಡಿಗೆ 2024ರ ಸೆಪ್ಟೆಂಬರ್ 12ರಿಂದ ‘ಒನ್ ಟಚ್ ಸ್ವಿಚ್’ ಬಂದಿದೆ. ಹೊಸ ಕಂಪನಿಯ ಜೊತೆ ಮಾತ್ರ ಮಾತಾಡಿ, ಹಳೆಯದನ್ನು ಅವರೇ ನಿಲ್ಲಿಸುತ್ತಾರೆ. ಊರಿನ ಅಭ್ಯಾಸದಲ್ಲಿ ನೀವೇ ಮೊದಲು ಫೋನ್ ಮಾಡಿ ಹಳೆಯದನ್ನು ಕಡಿಸಿದರೆ ಲ್ಯಾಂಡ್‌ಲೈನ್ ನಂಬರ್ ಕೈತಪ್ಪಬಹುದು, ಕೆಲವು ದಿನ ನೆಟ್ಟೂ ಇರದು.

ಊರಿನ ಪೋಸ್ಟ್‌ಪೇಯ್ಡ್ ನಂಬರ್ ಇನ್ನೂ ಇಟ್ಟುಕೊಂಡಿದ್ದರೆ ಅದಕ್ಕೆ ಪೂರ್ತಿ ಬಾಡಿಗೆ ಸುರಿಯಬೇಕಿಲ್ಲ. ‘ಸೇಫ್ ಕಸ್ಟಡಿ’ ಕೇಳಿ, ಅಂದರೆ ಸೇವೆ ನಿಲ್ಲಿಸಿ ನಂಬರ್ ಮಾತ್ರ ಕಾದಿಡುವುದು. ಮೂರು ತಿಂಗಳಿಗೆ ಹೆಚ್ಚೆಂದರೆ 150 ರೂಪಾಯಿ ಎಂದು ಟ್ರಾಯ್ ಮಿತಿ ಹಾಕಿದೆ. ಆ ಅವಧಿಯಲ್ಲಿ ಸೇವೆ ನಿಂತಿರುತ್ತದೆ, ಓಟಿಪಿ ಬರುವುದಿಲ್ಲ.

ಪ್ರಶ್ನೆ: ಆರು ತಿಂಗಳೊಳಗೇ ದರ ಏರಿಸಿದ್ದಾರೆ. ಕಸ್ಟಮರ್ ಕೇರಿನವರು ಕೇಳುವುದೇ ಇಲ್ಲ. ಟ್ರಾಯ್‌ಗೆ ಬರೆಯಲೇ? (ಕಲಬುರಗಿ)

ಉತ್ತರ: ಟ್ರಾಯ್ ಒಬ್ಬೊಬ್ಬರ ದೂರನ್ನು ವಿಚಾರಿಸುವುದಿಲ್ಲ. ದಾರಿ ಮೆಟ್ಟಿಲು ಮೆಟ್ಟಿಲಾಗಿದೆ. 198ರಲ್ಲಿ ದೂರು ಕೊಟ್ಟು ಡಾಕೆಟ್ ನಂಬರ್ (ದೂರಿನ ಸಂಖ್ಯೆ) ಪಡೆಯಿರಿ. ಸಮಾಧಾನವಾಗದಿದ್ದರೆ 30 ದಿನದೊಳಗೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಿ. ಇದಕ್ಕೆ ಶುಲ್ಕವಿಲ್ಲ, 39 ದಿನದೊಳಗೆ ತೀರ್ಮಾನಿಸಬೇಕು. ಮೇಲ್ಮನವಿಯಲ್ಲಿ ಸಿಟ್ಟಿನ ಮಾತು ಕಡಿಮೆ ಇರಲಿ. ಪ್ಲಾನಿಗೆ ಸೇರಿದ ತಾರೀಕು, ದರ ಏರಿದ ತಾರೀಕು, ಎರಡೂ ಬಿಲ್ಲುಗಳ ಪ್ರತಿ, ಡಾಕೆಟ್ ನಂಬರ್, ವಾಪಸು ಕೇಳುವ ಮೊತ್ತ, ಇಷ್ಟು ಸಾಕು. ಮೊತ್ತ ಬರೆಯುವಾಗ ತೆರಿಗೆ ಮರೆಯಬೇಡಿ: 499ರ ಪ್ಲಾನಿಗೆ ಶೇ 18 ಜಿಎಸ್‌ಟಿ ಸೇರಿ ನೀವು ಕಟ್ಟುವುದು 588.82.

ಒಂದು ಎಚ್ಚರಿಕೆ. ನಿಮ್ಮದು 28 ಅಥವಾ 84 ದಿನದ ಪ್ರಿಪೇಯ್ಡ್ ಪ್ಯಾಕಾದರೆ ಈ ದೂರು ನಿಲ್ಲುವುದು ಕಷ್ಟ. ಕೊಂಡ ಪ್ಯಾಕ್ ಮುಗಿಯುವ ತನಕ ಹಳೆಯ ದರ, ಮುಂದಿನ ರೀಚಾರ್ಜ್ ಹೊಸ ಖರೀದಿ ಎಂಬುದು ಕಂಪನಿಗಳ ವಾದ. ಏರಿಕೆಯ ಸುದ್ದಿ ಬಂದ ವಾರವೇ ಹಳೆಯ ದರದಲ್ಲಿ ದೀರ್ಘಾವಧಿ ಪ್ಯಾಕ್ ಹಾಕಿಸಿಕೊಳ್ಳುವುದೇ ಅಲ್ಲಿ ಸಿಗುವ ರಕ್ಷಣೆ.

ಮೇಲ್ಮನವಿಯಲ್ಲೂ ಆಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಆಮೇಲೆ ನಿಮ್ಮ ಜಿಲ್ಲೆಯ ಗ್ರಾಹಕ ಆಯೋಗ. ದೂರವಾಣಿ ತಕರಾರು ಗ್ರಾಹಕ ಆಯೋಗಕ್ಕೆ ಬರುವುದೇ ಇಲ್ಲ ಎಂದು ಕಂಪನಿಯ ವಕೀಲರು ಹಿಂದೆ ವಾದಿಸುತ್ತಿದ್ದರು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ದೂರಸಂಪರ್ಕ ಸೇವೆಯನ್ನು ಹೆಸರಿಟ್ಟೇ ಸೇರಿಸಿದೆ, ಸುಪ್ರೀಂ ಕೋರ್ಟ್ 2022ರ ಫೆಬ್ರವರಿ 16ರ ತೀರ್ಪಿನಲ್ಲಿ ಆ ವಾದವನ್ನು ತಳ್ಳಿಹಾಕಿದೆ. ನೀವಿರುವ ಊರಿನ ಜಿಲ್ಲೆಯಲ್ಲೇ ದಾಖಲಿಸಬಹುದು, ಐದು ಲಕ್ಷದವರೆಗಿನ ವ್ಯವಹಾರಕ್ಕೆ ಶುಲ್ಕವಿಲ್ಲ, ವಕೀಲರು ಕಡ್ಡಾಯವಲ್ಲ, ತಕರಾರು ಹುಟ್ಟಿದ ಎರಡು ವರ್ಷದೊಳಗೆ ಕೊಡಬೇಕು.

ಚುಟುಕಾಗಿ

ಪೋರ್ಟ್ ಆದ ಮೇಲೆ ಹಳೆಯ ಕಂಪನಿಯ ಕೊನೆಯ ಬಿಲ್ಲು ಬಂದಿದೆ, ಬಿಡಬಹುದೇ? (ಹಾಸನ) ಬೇಡ. ಹಿಂದಿನ ಬಿಲ್ಲಿನ ಅವಧಿ ಮುಗಿದಂದಿನಿಂದ ಪೋರ್ಟ್ ಆದ ದಿನದವರೆಗಿನ ಬಾಡಿಗೆ ಅದು. ಕಟ್ಟದಿದ್ದರೆ ಹಳೆಯ ಕಂಪನಿ ಹೊಸ ಕಂಪನಿಗೆ ತಿಳಿಸಿ ನಿಮ್ಮ ನಂಬರನ್ನೇ ನಿಲ್ಲಿಸಬಹುದು.

ಕೇಳದೆಯೇ ಕಾಲರ್ ಟ್ಯೂನಿನಂಥದ್ದು ಬಿಲ್ಲಿಗೆ ಸೇರಿದೆ. (ಬಳ್ಳಾರಿ) ‘ಸ್ಟಾಪ್’ ಎಂದು 155223ಕ್ಕೆ ಮೆಸೇಜ್ ಹಾಕಿ, ನಿಲ್ಲುತ್ತದೆ. ಆಗಲೇ ಕಡಿದ ಹಣಕ್ಕೆ 198ರಲ್ಲಿ ಬೇರೆ ದೂರು ಕೊಡಿ.

ಬ್ರಾಡ್‌ಬ್ಯಾಂಡ್ ಬಿಟ್ಟರೆ ಅದರ ಜೊತೆ ಬಂದ ಸಿನಿಮಾ ಆ್ಯಪುಗಳು? (ಬೆಂಗಳೂರು) ಅವೂ ಹೋಗುತ್ತವೆ. ಆದರೆ ಆ ಆ್ಯಪಿನಲ್ಲಿ ನೀವು ಸ್ವಂತವಾಗಿ ಕಾರ್ಡ್ ಹಾಕಿದ್ದರೆ ಅಲ್ಲಿಂದ ಹಣ ಕಡಿತ ಮುಂದುವರಿಯುತ್ತದೆ, ಅದನ್ನು ಬೇರೆಯಾಗಿ ನಿಲ್ಲಿಸಬೇಕು.